ಧಣಿಗಳು ಕನ್ನಡದಲ್ಲಿ ಮಾತಾಡಿದರೆ

ಯಾರಾದರೂ ಬೈದರೆ ನನಗೆ ಹೆದರಿಕೆಯಾಗುವುದಿಲ್ಲ. ಮೆಲ್ಲಗೆ, ಮರ್ಯಾದೆಯಿಂದ, ಅದರಲ್ಲೂ ಶುದ್ಧ ಕನ್ನಡದಲ್ಲಿ ಮಾತಾಡಿಸಿದರೆ ಮಾತ್ರ ಎದೆ ಡವಡವ ಎನ್ನುತ್ತದೆ. ಘಟ್ಟದ ಮೇಲಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮ ಮೂಡಬಿದ್ರೆ, ಬಂಟ್ವಾಳ, ಬೆಳ್ತಂಗಡಿಯ ಕಡೆ ಅಳುವುದು, ನಗುವುದು, ಜಗಳವಾಡುವುದು, ಮತ್ತೆ ರಾಜಿಯಾಗುವುದು ಎಲ್ಲವೂ ತುಳುವಿನಲ್ಲಿ. ಕನ್ನಡ ಏನಿದ್ದರೂ ಶಾಲೆಗೆ, ಕಚೇರಿಗೆ, ಮದುವೆಯ ಕಾಗದಕ್ಕೆ. ಇಸ್ತ್ರಿ ಹಾಕಿ ಪೆಟ್ಟಿಗೆಯಲ್ಲಿಟ್ಟ ಅಂಗಿಯ ಹಾಗೆ. ಆ ಅಂಗಿ ತೊಟ್ಟು ಬಂದ ಮಾತು ಒಳ್ಳೆಯ ಸುದ್ದಿ ತಂದದ್ದು ಕಡಿಮೆ. ಜಪ್ತಿಗೆ ಕೋರ್ಟಿನ ಅಮೀನ ಬಂದರೆ ಕನ್ನಡ. ನಾನು ಲೆಕ್ಕದಲ್ಲಿ ಫೇಲಾದದ್ದನ್ನು ಹೆಡ್‌ಮಾಸ್ಟರು ನನ್ನ ಅಪ್ಪನಿಗೆ ತಿಳಿಸಿದ್ದೂ ಕನ್ನಡದಲ್ಲಿಯೇ. ಇಷ್ಟೆಲ್ಲ ಗೊತ್ತಿದ್ದೂ ಹೊತ್ತಿಗೆ ಸರಿಯಾಗಿ ನನಗೆ ಅದು ನೆನಪಾಗಲಿಲ್ಲ. ಹಾಗಾಗಿ ನನ್ನ ಕೆಲಸ ಹೋದದ್ದು ನನಗೆ ನಾಲ್ಕು ದಿನ ತಡವಾಗಿ ತಿಳಿಯಿತು.

ಮೂಡಬಿದ್ರೆಯ ಒಂದು ಬಸ್ ಕಂಪೆನಿಯಲ್ಲಿ ನಾನು ಹನ್ನೊಂದು ವರ್ಷ ಕ್ಲಾರ್ಕನಾಗಿದ್ದೆ. ಟಿಕೇಟು ಕೊಡುವುದು, ಪಾರ್ಸೆಲ್ಲಿಗೆ ಚೀಟಿ ಅಂಟಿಸುವುದು, ಬಸ್ಸು ತಡವಾದರೆ ಜನರಿಗೆ ಸಮಾಧಾನ ಹೇಳುವುದು ನನ್ನ ಕೆಲಸ. ಧಣಿಗಳು ದಿನಕ್ಕೊಮ್ಮೆ ತುಳುವಿನಲ್ಲಿ ನನ್ನನ್ನು ‘ಕತ್ತೆ’ ಎನ್ನದೆ ಬಾಗಿಲು ಹಾಕಿದವರಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಅವರು ನನ್ನನ್ನು ಒಳಗೆ ಕರೆದು, “ಬನ್ನಿ, ಕುಳಿತುಕೊಳ್ಳಿ” ಎಂದು ಕನ್ನಡದಲ್ಲಿ ಹೇಳಿದರು. ಹನ್ನೊಂದು ವರ್ಷದಲ್ಲಿ ಆ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು. “ನೀವು ಬಹಳ ದುಡಿದಿದ್ದೀರಿ. ಇನ್ನು ವಿಶ್ರಾಂತಿ ಪಡೆಯಬೇಕು. ಬಂಟ್ವಾಳದ ಕಂಪೆನಿಯವರು ನಮ್ಮೊಂದಿಗೆ ಸೇರಿಕೊಂಡಿದ್ದಾರೆ, ಅವರ ಕ್ಲಾರ್ಕು ಇದ್ದಾರೆ” ಎಂದರು. ನನ್ನ ಕಣ್ಣು ತುಂಬಿ ಬಂತು. “ತಮ್ಮ ದೊಡ್ಡ ಮನಸ್ಸು” ಎಂದು ಕೈಮುಗಿದು ಮನೆಗೆ ಬಂದು ನಾಲ್ಕು ದಿನ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ಐದನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡಲು ನಾನು ಅಂಗಿ ಹಾಕಿಕೊಳ್ಳುವಾಗ ನನ್ನ ಹೆಂಡತಿಗೆ ಏನೋ ಸಂಶಯ ಬಂತು.

“ಧಣಿಗಳು ನಿಮಗೆ ಏನು ಹೇಳಿದ್ದು? ಸರಿಯಾಗಿ ಹೇಳಿ” ಎಂದಳು.

“ವಿಶ್ರಾಂತಿ ಪಡೆಯಬೇಕು ಅಂದರು.”

“ತುಳುವಿನಲ್ಲಿ ಹೇಳಿದ್ದೋ, ಕನ್ನಡದಲ್ಲೋ?”

“ಕನ್ನಡದಲ್ಲಿ.”

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. “ಅಯ್ಯೋ ದೇವರೇ! ಹಾಗಾದರೆ ಕೆಲಸ ಹೋಯ್ತು ಮಾರಾಯ್ರೆ!”

ಹೋಗಿ ನೋಡಿದರೆ ನನ್ನ ಸ್ಟೂಲಿನ ಮೇಲೆ ಬಂಟ್ವಾಳದ ಒಬ್ಬ ಯುವಕ ಕೂತು ನನ್ನದೇ ಅಂಟಿನ ಬಾಟಲಿಯಿಂದ ಚೀಟಿ ಅಂಟಿಸುತ್ತಿದ್ದ. ಅಲ್ಲಿಂದ ಸೀದಾ ಮನೆಗೆ ಬಂದು ಧಣಿಗಳಿಗೆ ಎರಡು ಪುಟದ ಅರ್ಜಿ ಬರೆದೆ. ಎಂಟನೆಯ ತರಗತಿಯಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವನು ನಾನು. ಆ ಅಹಂಕಾರ ಇವತ್ತಿಗೂ ಪೂರ್ತಿ ಹೋಗಿಲ್ಲ. ‘ತಮ್ಮ ಕೃಪಾಛತ್ರದ ನೆರಳಿನಲ್ಲಿ ಹನ್ನೊಂದು ವಸಂತಗಳನ್ನು ಕಳೆದ ಈ ಸೇವಕನ ಹೃದಯವು…’ ಎಂದು ಆರಂಭಿಸಿದ್ದೆ. ಓದಿದರೆ ಕಲ್ಲೂ ಕರಗಬೇಕು. ಧಣಿಗಳಿಂದ ಉತ್ತರವೇ ಬರಲಿಲ್ಲ.

ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಗಂಜಿಯಲ್ಲಿ ಅನ್ನ ಕಡಿಮೆಯಾಗಿ ತಿಳಿ ಹೆಚ್ಚಾಗತೊಡಗಿತು. ಕಾಫಿ ನಿಂತು ಬೆಲ್ಲ ನೀರು ಬಂತು. ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ. ನಾನು ಕಂಡಕಂಡಲ್ಲಿ ಕೆಲಸ ಕೇಳಿದೆ. ಲಾಯಿಲದ ಬಳಿ ಒಂದು ಶಾಲೆಯಲ್ಲಿ ಮಾಸ್ಟರಿಕೆ ಕೇಳಿದರೆ ಟ್ರೇನಿಂಗ್ ಆಗಿಲ್ಲ ಎಂದರು. ಕಲ್ಲಡ್ಕದ ಒಂದು ಹೋಟೆಲಿನಲ್ಲಿ ಎರಡು ದಿನ ಸಪ್ಲೈಗೆ ನಿಂತೆ. “ತಿನ್ನಲಿಕ್ಕೆ ಎಂತ ಉಂಟು?” ಎಂದು ಗಿರಾಕಿ ಕೇಳಿದರೆ ನಾನು “ತಿಂಡಿಗಳ ಪೈಕಿ ಪ್ರಥಮತಃ…” ಎಂದು ಶುರು ಮಾಡುತ್ತಿದ್ದೆ. ನಾನು ಮುಗಿಸುವಷ್ಟರಲ್ಲಿ ಗಿರಾಕಿಯ ಬಸ್ಸು ಬಂದಿರುತ್ತಿತ್ತು. ಹೋಟೆಲಿನವರು ಒಳ್ಳೆಯವರು, ಕಳಿಸುವಾಗ ತುಳುವಿನಲ್ಲಿಯೇ ಕಳಿಸಿದರು.

ಕೊನೆಗೆ ಮೂಡಬಿದ್ರೆಯ ಅಂಚೆ ಕಚೇರಿಯ ಜಗಲಿಯಲ್ಲಿ ಒಂದು ಮುರುಕು ಬೆಂಚು, ಒಂದು ಶಾಯಿ ಕುಪ್ಪಿ ಇಟ್ಟುಕೊಂಡು ಕಾಗದ ಬರೆದುಕೊಡಲು ಕೂತೆ. ಆಗೆಲ್ಲ ನಮ್ಮೂರಿನ ಮನೆಗೊಬ್ಬ ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ. ಮನೆಯವರು ಹೇಳುವುದು ತುಳುವಿನಲ್ಲಿ. ಕಾಗದ ಎಂದಮೇಲೆ ಅದು ಕನ್ನಡದಲ್ಲಿರಬೇಕು. ನಡುವೆ ನಾನು. ಕೆಲವರು ಚಿಲ್ಲರೆ ಕೊಡುತ್ತಿದ್ದರು, ಕೆಲವರು ಸೌತೆಕಾಯಿ ಕೊಡುತ್ತಿದ್ದರು. ಕಮಲಕ್ಕ ಬಸಳೆ ಕೊಡುತ್ತಿದ್ದಳು. ಅಂಚೆ ಕಚೇರಿಯ ಎದುರಿನ ಮಾರ್ಕೆಟ್ಟಿನಲ್ಲಿ ಬಸಳೆ, ಹರಿವೆ ಸೊಪ್ಪು ಮಾರುವ ಹೆಂಗಸು ಅವಳು. ಮಾರ್ಕೆಟ್ಟಿನಲ್ಲಿ ಅವಳು ಮಾತಾಡಿದರೆ ಪೋಸ್ಟ್‌ಮಾಸ್ಟರರ ಮೇಜಿಗೆ ಕೇಳಿಸುವಷ್ಟು ದೊಡ್ಡ ಗಂಟಲು. ಅವಳ ಒಬ್ಬನೇ ಮಗ ಶೀನ ಬೊಂಬಾಯಿಯಲ್ಲಿ ದೋಸೆ ಹೊಯ್ಯುತ್ತಿದ್ದ.

ಒಂದು ದಿನ ಕಮಲಕ್ಕ ಬುಟ್ಟಿಯನ್ನು ನನ್ನ ಬೆಂಚಿಗೆ ಕುಕ್ಕಿ, “ಬರೆಯಿರಿ” ಎಂದಳು. ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದೆಂದರೆ ಹೀಗೆ: “ಏ ಶೀನ, ಸತ್ತಿದ್ದೀಯೋ, ಬದುಕಿದ್ದೀಯೋ? ಮೂರು ತಿಂಗಳಾಯ್ತು, ಒಂದು ಕಾಗದ ಹಾಕಲಿಕ್ಕೆ ನಿನ್ನ ಕೈಗೆ ಹುಳ ಬಿದ್ದಿದೆಯಾ? ನಿನ್ನನ್ನು ಹೆತ್ತ ಹೊಟ್ಟೆಗೆ ಬೆಂಕಿ ಹಾಕ! ಕೆಲಸ ಬಿಟ್ಟು ಇಲ್ಲಿಗೆ ಓಡಿ ಬಂದರೆ ಕಾಲು ಮುರಿದು ಕೈಯಲ್ಲಿ ಕೊಡ್ತೇನೆ!”

ನಾನು ಪೆನ್ನು ಹಿಡಿದು ಕಂಗಾಲಾದೆ. ನನಗೆ ಕನ್ನಡ ಕಲಿಸಿದ ಪಂಡಿತರು ಸಂಧಿ ಸಮಾಸ ಎಲ್ಲ ಕಲಿಸಿದ್ದರು, ಒಂದು ಬೈಗುಳವನ್ನೂ ಕಲಿಸಿರಲಿಲ್ಲ. ನನ್ನ ಕನ್ನಡದಲ್ಲಿ ಹೊಟ್ಟೆಗೆ ಬೆಂಕಿ ಹಾಕಲು ಬರುವುದಿಲ್ಲ. ಆದ್ದರಿಂದ ಬರೆದೆ: ‘ಕಂದಾ, ನೀನು ಹೇಗಿರುವೆಯೋ ಎಂಬ ಚಿಂತೆಯಿಂದ ಮೂರು ಮಾಸಗಳಿಂದ ನಿದ್ರೆಯಿಲ್ಲ. ನಿನ್ನನ್ನು ಹೊತ್ತ ಈ ಉದರವು ಅಗ್ನಿಯಲ್ಲಿ ಬೇಯುತ್ತಿದೆ.’ ಕಾಲು ಮುರಿಯುವಲ್ಲಿಗೆ ಬಂದಾಗ ಬಹಳ ಯೋಚಿಸಿದೆ. ಕಾಲನ್ನೂ ಕೈಯನ್ನೂ ಉಳಿಸಿಕೊಂಡು ಮುರಿಯುವುದನ್ನು ಮಾತ್ರ ಕೈಬಿಟ್ಟೆ. ‘ನೀನು ಉದ್ಯೋಗವನ್ನು ತೊರೆದು ಬಂದಲ್ಲಿ ನಿನ್ನ ಬಳಲಿದ ಕಾಲುಗಳನ್ನು ಈ ಕೈಗಳಿಂದಲೇ ಒತ್ತುವೆನು’ ಎಂದು ಮುಗಿಸಿದೆ. ಗಟ್ಟಿಯಾಗಿ ಓದಿಯೂ ಹೇಳಿದೆ. ಕಮಲಕ್ಕನಿಗೆ ಪುಸ್ತಕದ ಕನ್ನಡ ಅರ್ಧಂಬರ್ಧ.

“ಬೆಂಕಿ ಹಾಕಿದ್ದೀರಾ?” ಎಂದು ಕೇಳಿದಳು.

“ಹಾಕಿದ್ದೇನೆ. ಅಗ್ನಿ ಅಂತ ಉಂಟು.”

“ಕಾಲು?”

“ಕಾಲೂ ಉಂಟು, ಕೈಯೂ ಉಂಟು.”

“ಹಾಗಾದರೆ ಸರಿ” ಎಂದು ಎರಡು ಕಟ್ಟು ಬಸಳೆ ಇಟ್ಟು ಹೋದಳು. ನಾವು ಮೂರು ದಿನ ಬಸಳೆ ಸಾರು ಉಂಡೆವು.

ಎರಡು ವಾರ ಕಳೆದಿರಬಹುದು. ಕಮಲಕ್ಕ ಮಾರ್ಕೆಟ್ಟಿನಲ್ಲಿ ಯಾರೊಂದಿಗೋ ಹರಿವೆಯ ವಿಷಯದಲ್ಲಿ ಗಂಟಲು ಹರಿಯುವ ಹಾಗೆ ಜಗಳವಾಡುತ್ತಿದ್ದಳು. ಆಗ ಬಸ್ಸಿನಿಂದ ಟ್ರಂಕು ಹೊತ್ತುಕೊಂಡು ಶೀನ ಇಳಿದ. ಬೊಂಬಾಯಿಯಿಂದ ಕಡೂರಿನವರೆಗೆ ರೈಲು, ಅಲ್ಲಿಂದ ಘಟ್ಟ ಇಳಿದು ಬಸ್ಸು. ಊಟ ನಿದ್ದೆ ಇಲ್ಲದೆ ಅವನ ಮುಖ ಬಾಡಿತ್ತು. ತಾಯಿಯ ಧ್ವನಿ ಕೇಳಿದ್ದೇ ಟ್ರಂಕನ್ನು ಅಲ್ಲಿಯೇ ಬಿಟ್ಟು ಓಡಿದ.

“ನೀನ್ಯಾಕೆ ಬಂದದ್ದು?” ಎಂದು ಕಮಲಕ್ಕ ಅರಚಿದಳು.

“ನೀನು ಸಾಯುವ ಹಾಗೆ ಇದ್ದೀ ಅಂತ ಬಂದೆ! ಜೀವಮಾನದಲ್ಲಿ ನನ್ನನ್ನು ಒಂದು ಸಲ ‘ಕಂದಾ’ ಅಂತ ಕರೆದವಳಾ ನೀನು? ಅದನ್ನು ಓದಿ ನನ್ನ ಕೈಕಾಲೇ ಬಿದ್ದುಹೋಯ್ತು. ಕಾಲು ಒತ್ತುತ್ತೇನೆ ಅಂತ ಬೇರೆ ಬರೆದಿದ್ದೀ! ಇದು ಕೊನೆಗಾಲದ ಮಾತೇ ಅಂತ ಗಟ್ಟಿ ಮಾಡಿಕೊಂಡೆ.” ಅವನು ಕಿಸೆಯಿಂದ ಕಾಗದ ತೆಗೆದ. ತಾಯಿ, ಮಗ ಇಬ್ಬರೂ ಒಟ್ಟಿಗೆ ಅಂಚೆ ಕಚೇರಿಯ ಜಗಲಿಯ ಕಡೆ ತಿರುಗಿದರು. ನಾನು ಶಾಯಿ ಕುಪ್ಪಿಯ ಮುಚ್ಚಳ ಹುಡುಕುವವನ ಹಾಗೆ ಬೆಂಚಿನ ಕೆಳಗೆ ಬಗ್ಗಿದೆ.

ಇಷ್ಟರವರೆಗೆ ನಗು ಬರುತ್ತದೆ. ಆಮೇಲೆ ಶೀನ ಹೇಳಿದ ಮಾತು ಕೇಳಿ ನನ್ನ ನಗು ಆರಿತು. ಗಿರಾಕಿಗಳ ನೂಕುನುಗ್ಗಲಿನ ಸಮಯದಲ್ಲಿ ಬಿಟ್ಟು ಹೋಗುವುದಾದರೆ ತಿರುಗಿ ಬರುವುದು ಬೇಡ ಎಂದಿದ್ದರಂತೆ ಹೋಟೆಲಿನ ಧಣಿಗಳು. ನನ್ನ ಕೆಲಸ ಹೋದಾಗ ನನಗೆ ದುಃಖವಾಗಿತ್ತು. ಶೀನನ ಕೆಲಸ ನನ್ನಿಂದ ಹೋಯಿತಲ್ಲ ಎಂಬುದಕ್ಕೆ ಆದ ಸಂಕಟ ಬೇರೆ. 

ಮರುದಿನ ಬೆಳಿಗ್ಗೆ ಕಮಲಕ್ಕ ಮತ್ತೆ ಬಂದು ಕೂತಳು. “ಹೋಟೆಲಿನ ಧಣಿಗೆ ಕಾಗದ ಬರೆಯಿರಿ. ಅವರೂ ನಮ್ಮ ಕಾರ್ಕಳದ ಕಡೆಯವರೇ. ನಾನು ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲಿಯೇ ಬರೆಯಬೇಕು. ನಿಮ್ಮ ಕಂದ ಗಿಂದ ಎಲ್ಲ ನನಗೆ ಬೇಡ” ಎಂದಳು. ನಾನು ಬಾಯಿ ಮುಚ್ಚಿಕೊಂಡು ಕನ್ನಡದ ಅಕ್ಷರದಲ್ಲಿ ಅವಳ ತುಳುವನ್ನು ಹಾಗೆಯೇ ಇಳಿಸಿದೆ. ಅದರ ಅರ್ಥ ಇದು: “ನೀವು ದೊಡ್ಡವರಾದದ್ದು ಬೊಂಬಾಯಿಯಲ್ಲಿ, ಹುಟ್ಟಿದ್ದು ಇಲ್ಲಿಯೇ ಅಲ್ವಾ? ತಾಯಿ ಸಾಯ್ತಾಳೆ ಅಂತ ಓಡಿ ಬಂದವನನ್ನು ಕೆಲಸದಿಂದ ತೆಗೆಯುವುದಾ? ನಿಮ್ಮ ತಾಯಿ ಇದನ್ನು ಕೇಳಿದರೆ ಗುಡಿಸುವ ಹಿಡಿಸೂಡಿ ತೆಗೆದುಕೊಂಡು ಬರ್ತಾರೆ. ಮಗನನ್ನು ಕಳಿಸ್ತೇನೆ, ಇಟ್ಟುಕೊಳ್ಳಿ.” ಅದನ್ನು ಅಂಚೆಪೆಟ್ಟಿಗೆಗೆ ಹಾಕಿದೆ. ಇದ್ದ ಆಸೆಯೂ ಇನ್ನು ಹೋಯಿತು ಎಂದುಕೊಂಡೆ.

ಹತ್ತು ದಿನದಲ್ಲಿ ಒಂದು ಕಾರ್ಡು ಬಂತು, ಅದೂ ತುಳುವಿನಲ್ಲಿ. ‘ಕಳಿಸಿಕೊಡಿ. ನನ್ನ ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಆಮೇಲೆ ನನಗೆ ಹೀಗೆ ಬೈದವರು ಯಾರೂ ಇಲ್ಲ. ಆಗಾಗ ಬರೆಯುತ್ತಾ ಇರಿ.’ ಕಮಲಕ್ಕ ಅದನ್ನು ಎರಡು ಸಲ ಓದಿಸಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ಶೀನನನ್ನು ಇನ್ನೂ ಯಾಕೆ ಹೊರಡಲಿಲ್ಲ ಎಂದು ಬೈಯತೊಡಗಿದಳು.

ಈ ಸಂತೋಷದಲ್ಲಿ ನನ್ನ ಕಾಗದ ಬರೆಯುವ ಉದ್ಯೋಗವೂ ಹೋಯಿತು. ಊರಿಗೆಲ್ಲ ಸುದ್ದಿ ಹಬ್ಬಿ, ಎಲ್ಲರೂ ಹೇಳಿದ ಹಾಗೆಯೇ ಬರೆಯಬೇಕು ಎನ್ನತೊಡಗಿದರು. ಹೇಳಿದ ಹಾಗೆ ಬರೆಯಲು ನಾನೇ ಏಕೆ ಬೇಕು? ಅವರವರ ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮಗಳಿದ್ದರೆ ಸಾಕು. ಬೆಂಚಿನ ಮೇಲೆ ನಾನೊಬ್ಬನೇ ಉಳಿದೆ. ಅದನ್ನು ಹೇಳಿಕೊಂಡಾಗ ನನ್ನ ಹೆಂಡತಿ ಕೇಳಿದಳು: “ಧಣಿಗಳಿಗೆ ಬರೆದಿರಲ್ಲ, ಅದರಲ್ಲಿ ಕೆಲಸ ಬೇಕು ಅಂತ ಬರೆದಿದ್ರಾ?”

“ಅರ್ಥ ಬರ್ತದೆ.”

“ಎಲ್ಲಿ ಬರ್ತದೆ? ತೋರಿಸಿ.”

ಇಟ್ಟುಕೊಂಡಿದ್ದ ನಕಲನ್ನು ತೆಗೆದು ಇಬ್ಬರೂ ಹುಡುಕಿದೆವು. ಕೃಪಾಛತ್ರ ಇತ್ತು, ವಸಂತ ಇತ್ತು, ಸಂಸ್ಥೆಯು ಕಲ್ಪವೃಕ್ಷದಂತೆ ಬೆಳೆಯಲಿ ಎಂಬ ಹಾರೈಕೆ ಎರಡು ಕಡೆ ಇತ್ತು. ಕೆಲಸ ಮಾತ್ರ ಎಲ್ಲಿಯೂ ಇರಲಿಲ್ಲ. ಅವಳು ಕಾಗದ ಮಡಚಿ ನನ್ನ ಕೈಗಿಟ್ಟು, “ನಿಮ್ಮ ತಲೆಗಿಷ್ಟು ಬೆಂಕಿ ಹಾಕ! ಈಗಲೇ ಹೋಗಿ ಬಾಯಿಬಿಟ್ಟು ಕೇಳಿ” ಎಂದಳು. ಅಂತೂ ಬೈದಳು. ನನಗೆ ಅರ್ಧ ಧೈರ್ಯ ಅಲ್ಲಿಯೇ ಬಂತು.

ಧಣಿಗಳ ಎದುರು ನಿಂತು ಮೂರೇ ಶಬ್ದ ಹೇಳಿದೆ: “ಎಂಕ್ ಬೇಲೆ ಬೋಡು.” ನನಗೆ ಕೆಲಸ ಬೇಕು. ಧಣಿಗಳು ಕನ್ನಡಕ ತೆಗೆದರು.

“ಹೌದೇನಯ್ಯಾ? ಇದನ್ನು ಹೇಳಲಿಕ್ಕೆ ನಿನಗೆ ಇಷ್ಟು ತಿಂಗಳು ಬೇಕಾಯ್ತಾ? ನಿನ್ನ ಕಾಗದವನ್ನು ಮೂರು ಸಲ ಓದಿದೆ. ನನಗೆ ಆಶೀರ್ವಾದ ಮಾಡಿದ್ದೀ ಅಂತ ದೇವರ ಪಟದ ಹಿಂದೆ ಇಟ್ಟಿದ್ದೇನೆ!” ಎಂದು ಎದ್ದು ಹೋಗಿ ಅದನ್ನು ತೆಗೆದೇ ತೋರಿಸಿದರು. ಅದಕ್ಕೆ ಕುಂಕುಮ ಬೇರೆ ಹತ್ತಿತ್ತು. ನನ್ನ ಸ್ಟೂಲು ಸಿಗುವುದಿಲ್ಲ ಎಂದು ಅವರು ಹೇಳುವ ಮೊದಲೇ ನಾನು ಬಾಗಿಲ ಕಡೆ ತಿರುಗಿದ್ದೆ. “ನಿಲ್ಲು” ಎಂದರು. ಕಾಗದವನ್ನೊಮ್ಮೆ ನೋಡಿದರು, ಮೇಜಿನ ಮೇಲಿದ್ದ ಒಂದು ರಾಶಿಯನ್ನೊಮ್ಮೆ ನೋಡಿದರು. ಅದು ಪ್ರಯಾಣಿಕರ ದೂರುಗಳ ರಾಶಿ. “ಈ ಬಂಟ್ವಾಳದವನು ಇದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಉತ್ತರ ಬರೀತಾನೆ. ಜನ ಜಗಳಕ್ಕೆ ಬರ್ತಾರೆ. ಎರಡು ಪುಟ ಬರೆದು ಏನೂ ಹೇಳದವನು ನನಗೆ ಬೇಕಿತ್ತು. ನಾಳೆ ಏಳು ಗಂಟೆಗೆ ಬಾ, ಕತ್ತೆ!”

ಹೀಗೆ ನಾನು ಹೊಸ ಉದ್ಯೋಗಸ್ಥನಾದೆ. ಬಸ್ಸಿನ ಮೇಲಿಂದ ಬಾಳೆಗೊನೆ ಕಳೆದುಕೊಂಡ ವಿಟ್ಲದ ಒಬ್ಬರಿಗೆ ನಾನು ಮೊದಲ ಉತ್ತರ ಬರೆದೆ. ಗೊನೆ ಸಿಗಲಿಲ್ಲ. ಅವರು ಮಾತ್ರ ನಮಗೆ ವಂದನೆ ತಿಳಿಸಿ ಮಗಳ ಮದುವೆಗೆ ಕರೆದರು.

ಮನೆಯಲ್ಲಿ ಕಾಫಿ ಮರಳಿ ಬಂದಿದೆ. ಆದರೂ ಒಳಗೊಳಗೆ ಅಳುಕು ಇದ್ದೇ ಇದೆ. ಮೊನ್ನೆ ಕಡತ ಹಿಡಿದು ಒಳಗೆ ಹೋದಾಗ ಧಣಿಗಳು ತಲೆ ಎತ್ತಿ, “ಬನ್ನಿ, ಕುಳಿತುಕೊಳ್ಳಿ” ಎಂದರು. ಕನ್ನಡದಲ್ಲಿ!  ಇಬ್ಬರು ಹೆಣ್ಣುಮಕ್ಕಳ ಮುಖ ಕಣ್ಣೆದುರು ಬಂತು. ಮೆಲ್ಲಗೆ ಕುರ್ಚಿಯ ಮೇಲೆ ಕೂತು, ಕೈಮುಗಿದು, “ತಮ್ಮ ದೊಡ್ಡ ಮನಸ್ಸು” ಎಂದೆ.

“ಏಯ್, ನಿನಗಲ್ಲ ಹೇಳಿದ್ದು!” ಧಣಿಗಳು ತುಳುವಿನಲ್ಲಿ ಗುಡುಗಿದರು. “ಹಿಂದೆ ಇನ್ಸ್‌ಪೆಕ್ಟರು ನಿಂತಿದ್ದಾರೆ, ಕಾಣುವುದಿಲ್ವಾ? ಏಳು, ಕತ್ತೆ!”

ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: “ಇವತ್ತು ಧಣಿಗಳು ಕತ್ತೆ ಅಂದರು.”

“ಸದ್ಯ” ಎಂದು ಅವಳು ಕಾಫಿ ಕೊಟ್ಟಳು.