ಕಿಟಕಿಯ ಹೊರಗೆ ನಿಂತು ಓದಿದ ಪ್ರಬಂಧದ ಬಗ್ಗೆ

ಟೇಕಲ್, ಮಾರ್ಚಿ ೧೯೪೪

ಮಾಲೂರು ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ವಾಸವಿದ್ದುಕೊಂಡು, ಬಿ.ಎ. ಹುಡುಗರ ತತ್ತ್ವಶಾಸ್ತ್ರದ ಬರಹಗಳನ್ನು ಅಚ್ಚು ಹಾಕಿಸಿ ಲೋಕವನ್ನು ಉದ್ಧರಿಸುತ್ತಿರುವ ಸಂಪಾದಕ ಮಹಾಶಯರಾದ ಮಾನ್ಯರೇ, ಮುನಿಶಾಮಿ ದೂರದಿಂದಲೇ ಕೈಮುಗಿದು ಬರೆದುಕೊಳ್ಳುವುದು.

ತಮ್ಮಲ್ಲಿ ಒಂದು ಘನವಾದ ಪದ್ಧತಿಯಿದೆ. ಹುಡುಗರು ಬರೆದದ್ದನ್ನು ತಮ್ಮ ಹಜಾರದಲ್ಲಿ ಕೂತು ಗಟ್ಟಿಯಾಗಿ ಓದಬೇಕು. ತಾವು ಕಣ್ಣು ಮುಚ್ಚಿ ಕೇಳಿ ತಲೆದೂಗಿದರೆ ಅದು ಅಚ್ಚಿಗೆ ಹೋಗುತ್ತದೆ. ಹೋದ ಭಾನುವಾರ ನನ್ನ ಸರದಿ. ನಾನು ಚಪ್ಪಲಿ ಕಳಚುವುದರೊಳಗೆ ತಾವು ನನ್ನ ಕೇರಿ ಯಾವುದೆಂದು ವಿಚಾರಿಸಿ, “ಅಲ್ಲೇ ಕಿಟಕಿ ಹತ್ರ ನಿಂತ್ಕೊಂಡು ಓದಪ್ಪ, ಗಾಳಿ ಚೆನ್ನಾಗಿ ಬರುತ್ತೆ” ಎಂದಿರಿ. ಬಿಸಿಲಿನ ಜೊತೆಗೆ ಗಾಳಿಯನ್ನೂ ದಯಪಾಲಿಸುವ ದೊಡ್ಡ ಮನಸ್ಸು ಇನ್ನು ಯಾರಿಗಿದ್ದೀತು. ‘ಎಲ್ಲರೊಳಗೂ ಇರುವುದು ಒಂದೇ ಆದರೆ, ಯಾರನ್ನು ಯಾರು ಹೊರಗಿಟ್ಟಿದ್ದಾರೆ’ ಎಂಬ ನನ್ನ ಆರು ಹಾಳೆಗಳನ್ನು ಹೊರಗಿನಿಂದಲೇ ಕಿಟಕಿಯ ಸರಳಿಗೆ ಬಾಯಿಟ್ಟು ಓದಿದೆ. ಮೂರನೆಯ ದಿನ ಕಾರ್ಡು ಬಂತು: ಪ್ರಬಂಧ ಸರಿಯಾಗಿ ಕೇಳಿಸದ ಕಾರಣ ಪ್ರಕಟಣೆಗೆ ಆಯ್ಕೆಯಾಗಿಲ್ಲ.

ಯುದ್ಧದಿಂದಾಗಿ ಕಾಗದಕ್ಕೆ ಬರ ಬಂದಿದ್ದರೂ, ಪತ್ರಿಕೆಯ ಈ ಸಂಚಿಕೆಯಲ್ಲಿ ‘ಭೇದವೆಂಬುದೇ ಭ್ರಮೆ’ ಎಂಬ ತಮ್ಮ ಲೇಖನಕ್ಕೆ ಹದಿನಾಲ್ಕು ಪುಟ ಸಿಕ್ಕಿದೆ. ಓದಿ ಕಣ್ಣು ತೆರೆಯಿತು. ಭೇದ ಭ್ರಮೆಯಾದ ಮೇಲೆ ತಮ್ಮ ಹೊಸ್ತಿಲೂ ಭ್ರಮೆ, ಗೋಡೆಯೂ ಭ್ರಮೆ. ಆದ್ದರಿಂದ ತಾವು ಒಂದೇ ಒಂದು ಸಲ ಆ ಗೋಡೆಯ ಮೂಲಕ ನೆಟ್ಟಗೆ ನಡೆದುಬಂದು ನನ್ನ ಪಕ್ಕದಲ್ಲಿ ನಿಲ್ಲಬೇಕೆಂದು ಪ್ರಾರ್ಥನೆ. ಹಣೆ ಊದಿಕೊಂಡರೆ ಅದನ್ನೂ ಭ್ರಮೆಯೆಂದು ತಿಳಿಯುವುದು. ಅಷ್ಟು ಶ್ರಮ ಬೇಡವೆಂದಾದರೆ ಕಿವಿಗಳನ್ನಾದರೂ ಕಳಚಿ ಕಿಟಕಿಯ ಮೇಲಿಟ್ಟು ತಾವು ಒಳಗೆ ಮಡಿಯಲ್ಲಿರಬಹುದು. ಓದು ಮುಗಿದ ಮೇಲೆ ತೊಳೆದು ಹಾಕಿಕೊಂಡರಾಯಿತು.

ನನ್ನ ಪ್ರಬಂಧವನ್ನು ಓದಿ ತಿರಸ್ಕರಿಸಿ, ಸ್ವಾಮಿ. ತರ್ಕ ಕುಂಟುತ್ತಿದೆಯೆನ್ನಿ, ಭಾಷೆ ಒರಟು ಎನ್ನಿ, ತಲೆಬಾಗಿ ತಿದ್ದಿಕೊಳ್ಳುತ್ತೇನೆ. ಕೇಳಿಸಲಿಲ್ಲ ಅನ್ನಬೇಡಿ. ನಮ್ಮ ತಾತನ ಕಾಲದಿಂದ ನಾವು ಏನು ಹೇಳಿದರೂ ಸಿಕ್ಕಿದ್ದು ಅದೊಂದೇ ಉತ್ತರ.

ತಮ್ಮ ಕಿಟಕಿಯಾಚೆಯ ವಿಶ್ವಾಸಿ,
ಮುನಿಶಾಮಿ
ಬಿ.ಎ. ಎರಡನೆಯ ವರ್ಷ

ಬಿಟ್ಟುಹೋದ ಮಾತು: ತಮ್ಮ ಕಾರ್ಡನ್ನು ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ನಮ್ಮವ್ವ ದೊಡ್ಡಮುನಿಯಮ್ಮನಿಗೆ ಓದಿ ಹೇಳಿದೆ. “ಒಬ್ಬನೇ ಓದಿದ್ರೆ ಆ ಸಾಮಿಗೆ ಎಲ್ಲಿ ಕೇಳಿಸ್ತದೆ ನಾಯ್ನಾ, ನಾವೂ ಬರ್ತೀವಿ ಇರು” ಎಂದಳು. ಗೂಡಿನ ನಲವತ್ತು ಹೆಂಗಸರಿಗೆ ಆರು ಹಾಳೆಯೂ ಬಾಯಿಪಾಠವಾಗಿದೆ. ಭಾನುವಾರ ಬೆಳಗಿನ ರೈಲಿಗೆ ಬರುತ್ತೇವೆ. ತಾವು ಕಿಟಕಿ ಮುಚ್ಚಿಕೊಂಡಿದ್ದರೂ ನಡೆಯುತ್ತದೆ.