ಬಾಗಿಲ ಹಾರಕ್ಕೆ ಕಟಿಂಗ್

ಕತ್ತರಿ ಮಾಸ್ತರರಿಗೆ ಆ ಹೆಸರು ಕೊಟ್ಟದ್ದು ಅವರ ಸಲೂನಿನ ಗಿರಾಕಿಗಳು. ಮೂವತ್ತು ವರ್ಷದಿಂದ ಊರ ತಲೆಗಳನ್ನೆಲ್ಲ ತಿದ್ದಿದ ಕೈ ಅದು. ರಜೆಯ ದಿನ ಬೆಳಿಗ್ಗೆ ಆ ಕೈಗೆ ಕೆಲಸವಿಲ್ಲದೆ ಹೋದದ್ದೇ ಎಲ್ಲ ಎಡವಟ್ಟಿಗೂ ಮೂಲ.

ವರ್ಷಕ್ಕೊಮ್ಮೆ, ಹಬ್ಬದ ರಜೆಯಲ್ಲಿ ಮುಂಬಾಗಿಲಿಗೆ ತೂಗುಹಾಕುವ ಹಾರವೊಂದು ಅವರ ಮನೆಯಲ್ಲಿತ್ತು. ತಂತಿಯ ಬಳೆಗೆ ಪ್ಲಾಸ್ಟಿಕ್ ಎಲೆ, ಬಟ್ಟೆಯ ಹೂ ಸುತ್ತಿದ ಗುಂಡನೆಯ ಹಾರ. ಹನ್ನೆರಡು ವರ್ಷ ಅಟ್ಟದಲ್ಲಿ ಮಲಗಿ ಎದ್ದು ಅದಕ್ಕೆ ಮುಪ್ಪು ಬಂದಿತ್ತು. ಹೋದ ವರ್ಷ ಹೆಂಡತಿಯ ಅಕ್ಕ ಅದನ್ನು ನೋಡಿ, "ಇದೇನೇ, ಬಾಗಿಲಿಗೆ ಪೊರಕೆ ಕಟ್ಟಿದೀಯ?" ಎಂದು ಕೇಳಿದ್ದರು. ಹೆಂಡತಿಗೆ ಆ ಮಾತು ಇನ್ನೂ ಚುಚ್ಚುತ್ತಿತ್ತು. ಈ ಸಲ ಅಕ್ಕ ಹನ್ನೊಂದು ಗಂಟೆಗೆ ಬರುವವರಿದ್ದರು.

"ಅಂಗಡಿಗೆ ಹೋಗಿ ಹೊಸದು ತರ್ತೀನಿ," ಎಂದಳು ಹೆಂಡತಿ.

ಮಾಸ್ತರರು ಎದೆಯುಬ್ಬಿಸಿದರು. "ಹೊಸದ್ಯಾಕೆ? ಇದಕ್ಕಿಂತ ಕೆಟ್ಟ ತಲೆಗಳನ್ನ ಮದುವೆಗೆ ರೆಡಿ ಮಾಡಿ ಕಳಿಸಿದೀನಿ. ನಿಮ್ಮಕ್ಕ ಇವತ್ತು ಬಾಯಿ ಮುಚ್ಕೊಂಡು ಒಳಗೆ ಬರ್ತಾರೆ, ನೋಡ್ತಿರು."

"ಅದು ತಲೆ ಅಲ್ಲ ರೀ."

"ಉದುರೋದೂ ಇದೆ, ನರೆಯೋದೂ ಇದೆ. ತಲೆಗೆ ಇನ್ನೇನು ಬೇಕು?"

ಮೊದಲು ಬಚ್ಚಲಲ್ಲಿ ಶಾಂಪೂ. ಹೂಗಳ ಕೆಂಪು ಬಣ್ಣ ನೊರೆಯ ಜೊತೆ ಮೋರಿಗೆ ಹರಿದುಹೋಯಿತು. ಪರವಾಗಿಲ್ಲ ಎಂದುಕೊಂಡು ಕುರ್ಚಿಗೆ ಬಿಳಿ ಬಟ್ಟೆ ಹಾಸಿ, ಹಾರವನ್ನು ಕೂರಿಸಿ, ಡ್ರೈಯರ್ ಹಿಡಿದರು. ಅಭ್ಯಾಸಬಲದಿಂದ, "ಮನೇಲೆಲ್ಲ ಹೇಗಿದಾರೆ?" ಎಂದು ಹಾರವನ್ನೇ ವಿಚಾರಿಸಿದರು. ಉತ್ತರಕ್ಕೆ ಮೊದಲೇ ಬಲಗಡೆಯ ಎಲೆಗಳು ಬಿಸಿಗೆ ಮುದುಡಿ ಉಂಡೆಯಾದವು.

ಮುದುಡಿದ್ದನ್ನು ಕತ್ತರಿಸಿದರು. ಬಲಗಡೆ ಗಿಡ್ಡವಾಯಿತು. ಎಡಗಡೆಯನ್ನು ಅದಕ್ಕೆ ಸಮ ಮಾಡಿದರು. ಈಗ ಎಡಗಡೆ ಒಂದೆಳೆ ಗಿಡ್ಡ. ಮತ್ತೆ ಬಲಗಡೆ. ತಲೆಗಾದರೆ ಹಿಂದೆ ಮುಂದೆ ಎಂಬುದಿರುತ್ತದೆ, ಕಿವಿ ಬಂದಾಗ ಕೈ ತಾನೇ ನಿಲ್ಲುತ್ತದೆ. ಈ ಹಾರಕ್ಕೆ ಕಿವಿಯೂ ಇಲ್ಲ, ಕೊನೆಯೂ ಇಲ್ಲ. ಕತ್ತರಿ ಸುತ್ತು ಹಾಕುತ್ತಲೇ ಇತ್ತು.

"ಇನ್ನೂ ಎಷ್ಟು ಹೊತ್ತು ರೀ?" ಅಡುಗೆಮನೆಯಿಂದ ಕೂಗು ಬಂತು.

"ಇನ್ನೊಂಚೂರು ಸಮ ಮಾಡಿದ್ರೆ ಮುಗೀತು."

ಹತ್ತು ಐವತ್ತಕ್ಕೆ ನಿಜವಾಗಿಯೂ ಮುಗಿದೇ ಹೋಯಿತು. ಎಲೆ, ಹೂ ಎಲ್ಲ ಬಟ್ಟೆಯ ಮೇಲಿತ್ತು. ತಂತಿಯ ಮೇಲೆ ಉಳಿದದ್ದು ಮೂರು ದಿನದ ಗಡ್ಡದಂಥ ಹಸಿರು ಕುರುಚಲು. ಹೆಂಡತಿ ಬಂದು ನೋಡಿದಳು. ಅವಳು ತಂತಿಯನ್ನೆತ್ತಿಕೊಂಡು ನೇರ ಬಾಗಿಲ ಕಡೆ ನಡೆದಳು.

"ಬೇಡ ಕಣೇ, ಮಾನ ಹೋಗುತ್ತೆ."

"ನಂದು ಹೋದ ವರ್ಷಾನೇ ಹೋಯ್ತು. ಇವತ್ತು ನಿಮ್ಮದು," ಎಂದು ಅದನ್ನು ಮೊಳೆಗೆ ನೇತುಹಾಕಿದಳು.

ಅಕ್ಕ ಹೇಳಿದ ಹೊತ್ತಿಗೇ ಬಂದರು. ಹಾರದ ಮುಂದೆ ನಿಂತರು. "ಇದೇನೇ ಇದು?"

"ಇವರು ಬೆಳಿಗ್ಗೆಯಿಂದ ಕೂತು ಮಾಡಿದ ಕಟಿಂಗ್ ಅಕ್ಕಾ."

ಅಕ್ಕನ ಹಿಂದೆ ಅವರ ಗಂಡ, ಅಂದರೆ ಮಾಸ್ತರರ ಷಡ್ಡಕ, ಇಣುಕುತ್ತಿದ್ದರು. ಪ್ರತಿ ರಜೆಯಲ್ಲೂ ಊಟಕ್ಕೆ ಮೊದಲು ಮಾಸ್ತರರ ಕೈಯಲ್ಲೇ ಕಟಿಂಗ್ ಮಾಡಿಸಿಕೊಳ್ಳುವುದು ಅವರ ರೂಢಿ. ಹೋಗುತ್ತಿದ್ದ ಮಾನವನ್ನು ಹಿಡಿದು ನಿಲ್ಲಿಸಲು ಮಾಸ್ತರರು, "ಬನ್ನಿ ಬನ್ನಿ, ಕುರ್ಚಿ ರೆಡಿ ಇದೆ," ಎಂದು ಕರೆದರು.

ಷಡ್ಡಕರು ಹಾರವನ್ನೊಮ್ಮೆ, ಕತ್ತರಿಯನ್ನೊಮ್ಮೆ ನೋಡಿದರು. ತಲೆಯ ಟೋಪಿಯನ್ನು ಎರಡೂ ಕೈಯಲ್ಲಿ ಕೆಳಗೆಳೆದುಕೊಂಡರು.

"ಈ ಸಲ ಬೇಡಪ್ಪ. ಬರೋ ದಾರೀಲೇ ಮಾಡಿಸ್ಕೊಂಡು ಬಂದೆ."

ಟೋಪಿಯ ಕೆಳಗಿನಿಂದ ಎರಡು ತಿಂಗಳ ಕೂದಲು ಕಿವಿ ಮುಚ್ಚುವಷ್ಟು ಇಳಿಬಿದ್ದಿತ್ತು.