ನಮ್ಮ ಮದರಸಾಕ್ಕೆ ಬಂದ ಇನ್ಸ್‌ಪೆಕ್ಟರು

ದೇವರ ಪಾಠ ಹೇಳುವ ಕಡೆ ಸರ್ಕಾರದವರು ಬಂದರೆ ಇಂಥವು ನಡೆಯುತ್ತಲೇ ಇರುತ್ತವೆ. ಬಂಗಾರಪೇಟೆಯ ನಮ್ಮ ಮದರಸಾಕ್ಕೂ ಒಬ್ಬ ಸ್ಕೂಲ್ ಇನ್ಸ್‌ಪೆಕ್ಟರು ಗಂಟುಬಿದ್ದರು. ಶಾಲೆಯ ರೀತಿ ನಡೆಸದಿದ್ದರೆ ಮುಚ್ಚಿಸುತ್ತೇನೆ ಎಂದರು. ನನ್ನ ಮಗಳು ಅಲ್ಲೇ ಓದುತ್ತಿದ್ದಳು. ಅವಳನ್ನು ರೈಲ್ವೆ ಗೇಟು ದಾಟಿಸಿ ಬೇರೆ ಶಾಲೆಗೆ ಕಳಿಸಲು ನಮ್ಮಮ್ಮ ಒಪ್ಪುವವರಲ್ಲ. ಮದರಸಾ ಮುಚ್ಚಿದರೆ ಮಗಳ ಓದು ಅಲ್ಲಿಗೇ ನಿಂತಂತೆ.

೧. ರಜಾ

ಮೊದಲ ಸಲ ಅವರು ಬಂದದ್ದು ಶುಕ್ರವಾರ. ಬಾಗಿಲಿಗೆ ಬೀಗ. "ಒಂದು ಮಗುವೂ ಇಲ್ಲ" ಎಂದು ಬರೆದುಕೊಂಡರು.

ಪಾಠ ಹೇಳುವ ಹಜರತ್ತರು ಮಸೀದಿಯಿಂದ ಬಂದು, "ಇವತ್ತು ನಮಗೆ ರಜಾ ಸ್ವಾಮಿ. ಭಾನುವಾರ ಬನ್ನಿ, ಒಬ್ರೂ ತಪ್ಪಿರಲ್ಲ" ಅಂದರು.

"ಭಾನುವಾರ ನನಗೆ ರಜಾ ಕಣ್ರೀ!"

"ಸರಿ, ನಾನೂ ಭಾನುವಾರ ನಿಮ್ಮ ಇಸ್ಕೂಲಿಗೆ ಬಂದು, ಒಂದು ಮಗುವೂ ಇಲ್ಲ ಅಂತ ಬರ್ಕೊಳ್ಲಾ?"

೨. ಬೆಂಚು

ಮಕ್ಕಳು ನೆಲದ ಮೇಲೆ ಕೂರಬಾರದು, ಬೆಂಚು ಬೇಕು ಎಂದು ಮುಂದಿನ ಅಪ್ಪಣೆ. ಚಿನ್ನದ ಗಣಿಯ ಕೆಲಸಗಾರರ ಮನೆಗಳಿರುವ ನಂದಿದುರ್ಗದ ಲೈನಿನಿಂದ ನಾನೇ ನಾಲ್ಕು ಹಳೆ ಬೆಂಚು ಗಾಡಿಯಲ್ಲಿ ಹೇರಿಸಿ ತಂದೆ. ಇನ್ಸ್‌ಪೆಕ್ಟರು ಬಂದು ನೋಡಿದರೆ, ಬೆಂಚುಗಳ ಮೇಲೆ ಸಾಲಾಗಿ ಕುರಾನು. ಮಕ್ಕಳು ಕೆಳಗೆ ಚಾಪೆಯ ಮೇಲೆ.

"ಸಾಬ್ರೇ, ಬೆಂಚು ತರಿಸಿದ್ದು ಕೂರಿಸೋಕೆ!"

"ಕೂರಿಸಿದೀವಲ್ಲ ಸ್ವಾಮಿ. ಯಾರು ದೊಡ್ಡೋರೋ ಅವರನ್ನ ಮೇಲೆ ಕೂರಿಸಿದೀವಿ."

ಇನ್ಸ್‌ಪೆಕ್ಟರು ಬೆಂಚನ್ನು ನೋಡಿದರು, ಚಾಪೆಯನ್ನು ನೋಡಿದರು. ಬೂಟು ಬಿಚ್ಚಿ ಮಕ್ಕಳ ಪಕ್ಕ ಕೂತರು.

೩. ಕನ್ನಡ

ಕೊನೆಗೆ, "ಕನ್ನಡ ಕಲಿಸದಿದ್ದರೆ ಮುಂದಿನ ತಿಂಗಳು ಬೀಗ" ಅಂದರು. ಹಜರತ್ತರಿಗೆ ರೋಷ ಬಂತು. "ನಾನೇ ಕಲಿಸ್ತೀನಿ" ಅಂದುಬಿಟ್ಟರು. ಕನ್ನಡ ಮಾತಾಡುತ್ತಿದ್ದರೇ ಹೊರತು ಬರೆಯಲು ಅವರಿಗೆ ಒಂದಕ್ಷರ ಬರುತ್ತಿರಲಿಲ್ಲ. ಕನ್ನಡದ ಅಕ್ಷರಗಳನ್ನು ಮನೆಯಲ್ಲಿ ನನ್ನಿಂದ ಕಲಿತಿದ್ದ ಮಗಳು, ತಿಂಗಳೆಲ್ಲ ಅವರಿಗೆ ಗದರಿಸಿ ಗದರಿಸಿ ಒಂದೊಂದೇ ಅಕ್ಷರ ಕಲಿಸಿದಳು. ಯಾವ ಕಡೆಯಿಂದ ಬರೆಯಬೇಕು ಎಂಬುದೊಂದನ್ನು ಹೇಳಲು ಮರೆತಿದ್ದಳು.

ಇನ್ಸ್‌ಪೆಕ್ಟರು ಬಂದವರೇ, "ಎಲ್ಲಿ ಸಾಬ್ರೇ, ನಿಮ್ಮ ಊರಿನ ಹೆಸರು ಬರೀರಿ" ಅಂದರು.

ಹಜರತ್ತರು ಬಿಸ್ಮಿಲ್ಲಾ ಹೇಳಿ, ಅರಬ್ಬಿ ಬರೆಯುವಂತೆ ಹಲಗೆಯ ಬಲತುದಿಯಿಂದ ಶುರುಮಾಡಿದರು. ಒಂದೊಂದು ಅಕ್ಷರವೂ ಮುತ್ತು. ಇನ್ಸ್‌ಪೆಕ್ಟರು ಎಡಗಡೆಯಿಂದ ಓದಿದರು: "ಟೆ...ಪೇ...ರ...ಗಾ...ಬಂ. ಟೆಪೇರಗಾಬಂ! ಇದ್ಯಾವ ಊರ್ರೀ?"

ಮಗಳು ನಾಲಿಗೆ ಕಚ್ಚಿಕೊಂಡಳು.

ಹಜರತ್ತರು ಮಾತ್ರ ಅಲುಗಲಿಲ್ಲ. "ನೀವು ರೈಲಿಳಿದ ಊರೇ ಸ್ವಾಮಿ. ನೀವು ಈ ಕಡೆ ಬೆಂಗಳೂರು ರೈಲಲ್ಲಿ ಬಂದ್ರಿ, ನಾನು ಆ ಕಡೆ ಮಾರಿಕುಪ್ಪಂ ರೈಲಲ್ಲಿ ಬಂದೆ. ಊರು ಒಂದೇ ಅಲ್ವಾ?"

ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, "ಮದರಸಾ ನಡೆಯಲಿ" ಎಂದು ಕಾಗದದಲ್ಲಿ ಬರೆದರು. ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳಿದರು:

"ಸಾಬ್ರೇ, ರುಜು ಯಾವ ಕಡೆಯಿಂದ ಹಾಕ್ಲಿ?"